ಆ ಬಟ್ಟೆಯನ್ನು ಧಾರವಾಡಕ್ಕೆ ಏಕೆ ಕಳಿಸುತ್ತೀರಿ?

"ನೀವು ಮಡಿಕೇರಿಯಲ್ಲಿ ಅರ್ಧ ಹಾಕಿ, ಅವರು ಧಾರವಾಡದಲ್ಲಿ ಅರ್ಧ ಹಾಕಲಿ. ಕೊನೆಗೆ ಎರಡನ್ನೂ ಸೇರಿಸಿ ಹೊಲಿದರಾಯಿತು. ಒಂದೇ ಬಟ್ಟೆ ಅಂಚೆಯಲ್ಲಿ ಅಲೆಯುವುದೇಕೆ?" ನಾನು ಮತ್ತು ನನ್ನ ಗೆಳತಿ ಸೇರಿ ಕಸೂತಿ ಹಾಕುತ್ತಿದ್ದೇವೆಂದು ತಿಳಿದವರೆಲ್ಲ ಕೇಳುವುದು ಇದನ್ನೇ. ಅತ್ತೆ ಕೇಳಿದ್ದಾರೆ, ಪಕ್ಕದ ತೋಟದ ಅಕ್ಕ ಕೇಳಿದ್ದಾರೆ, ಅಂಚೆ ಕಚೇರಿಯ ಕೌಂಟರಿನಲ್ಲೂ ಕೇಳಿದ್ದಾರೆ. ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಉತ್ತರವಿರುವುದು ಹೊಲಿಗೆಯಲ್ಲೇ. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ಧಾರವಾಡದ ಕಡೆಯ ಈ ಕಸೂತಿಗೆ ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗಂಟು ಹಾಕುವಂತಿಲ್ಲ. ನಮ್ಮದು ಹೆಚ್ಚಾಗಿ ಗವಂತಿ. ಹೋಗುವಾಗ ಒಂದು ಹೊಲಿಗೆ ಬಟ್ಟೆಯ ಮೇಲೆ, ಇನ್ನೊಂದು ಕೆಳಗೆ. ಗೆರೆ ತುಂಡು ತುಂಡಾಗಿ ಕಾಣುತ್ತದೆ. ಕೊನೆ ಮುಟ್ಟಿ ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟ ಜಾಗಗಳೆಲ್ಲ ತುಂಬಿಕೊಳ್ಳುತ್ತವೆ. ಆಗ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ.

ಈ ಹೋಗುವುದು ಮತ್ತು ಬರುವುದನ್ನೇ ನಾವು ಹಂಚಿಕೊಂಡಿದ್ದೇವೆ. ಬಟ್ಟೆಯ ಮೇಲಿನ ತೇರಿನ ಚಿತ್ರಕ್ಕೆ ಅವಳು ಹೋಗಿದ್ದಾಳೆ, ನಾನು ಹಿಂದಿರುಗುತ್ತೇನೆ. ಅದರ ಪಕ್ಕದ ಗೋಪುರಕ್ಕೆ ನಾನು ಹೋಗುತ್ತೇನೆ, ಅವಳು ಹಿಂದಿರುಗುತ್ತಾಳೆ. ಹೀಗಿರುವಾಗ ಸೇರಿಸಿ ಹೊಲಿಯಲು ಎರಡು ಅರ್ಧಗಳು ಎಲ್ಲಿವೆ? ಪ್ರತಿ ಗೆರೆಯಲ್ಲೂ ಒಂದು ಹೊಲಿಗೆ ಅವಳದು, ಮುಂದಿನದು ನನ್ನದು.

ಇದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಕವಲುಗಳು. ತೇರಿನ ಕಳಸ, ಅದರ ಪಕ್ಕದ ಪತಾಕೆ, ಗಾಲಿಯ ಅರಗಳು, ಇವೆಲ್ಲ ಮುಖ್ಯ ಗೆರೆಯಿಂದ ಒಡೆದು ಹೊರಡುತ್ತವೆ. ಒಬ್ಬಳೇ ಹಾಕುವವಳು ಹೋಗುವಾಗಲಾದರೂ ಮುಗಿಸಬಹುದು, ಬರುವಾಗಲಾದರೂ ಮುಗಿಸಬಹುದು. ಇಬ್ಬರಾದಾಗ ಒಪ್ಪಂದ ಬೇಕು. ನಮ್ಮ ಒಪ್ಪಂದದಲ್ಲಿ ಕವಲುಗಳೆಲ್ಲ ಹಿಂದಿರುಗುವವಳ ಪಾಲು. ಹೋಗುವವಳು ನೆಟ್ಟಗೆ ಬೆನ್ನೆಲುಬನ್ನಷ್ಟೇ ಹಾಕಿ ಕಳಿಸುತ್ತಾಳೆ; ಪತಾಕೆ ಎತ್ತ ಹಾರಬೇಕು, ಕಳಸ ಎಷ್ಟು ಎತ್ತರವಿರಬೇಕು ಎಂಬುದು ಅವಳ ಕೈಯಲ್ಲಿಲ್ಲ. ಒಮ್ಮೆ ಅವಳು ಆನೆಯೊಂದರ ಬೆನ್ನೆಲುಬನ್ನು ಹಾಕಿ ಕಳಿಸಿದ್ದಳು. ಅಂಬಾರಿಯ ಜಾಗದಲ್ಲಿ ನಾನು ನಮ್ಮ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಕದಿರಿನ ಕಟ್ಟು ಹೊರಿಸಿದೆ. ಬಟ್ಟೆ ತಲುಪಿದ ಸಂಜೆಯೇ ಅವಳ ಫೋನು ಬಂತು: "ನಮ್ಮ ಧಾರವಾಡದ ಆನೆ ನಿಮ್ಮ ಗದ್ದೆಗೆ ಇಳಿದುಬಿಟ್ಟಿತಲ್ಲೇ!" ಬೇರೆ ಬೇರೆ ಬಟ್ಟೆಯಲ್ಲಿ ಹಾಕಿದ್ದರೆ ಆ ಆನೆ ಹುಟ್ಟುತ್ತಲೇ ಇರಲಿಲ್ಲ.

ದಾರದ ವಿಚಾರ ಹೇಳಲೇಬೇಕು. ಹೋದವಳು ಅರ್ಧ ದಾರವನ್ನು ಗೆರೆಯ ತುದಿಯಲ್ಲಿ ಉಳಿಸಿ, ಪುಟ್ಟ ರಟ್ಟಿನ ಚೂರಿಗೆ ಸುತ್ತಿ ಕಳಿಸುತ್ತಾಳೆ. ಬಂದವಳು ಅದೇ ದಾರವನ್ನು ಸೂಜಿಗೆ ಪೋಣಿಸಿ ಹಿಂದಿರುಗಿ, ಕೊನೆಗೆ ಹೊಲಿಗೆಯಡಿ ನುಸುಳಿಸಿ ಮುಗಿಸುತ್ತಾಳೆ. ಗಂಟು ಎಲ್ಲೂ ಬೀಳುವುದಿಲ್ಲ. ಮೊಂಡು ತುದಿಯ ಸೂಜಿಯನ್ನೇ ಬಳಸಬೇಕು, ಚೂಪಾದದ್ದು ಮೊದಲಿನ ಹೊಲಿಗೆಯನ್ನು ಸೀಳುತ್ತದೆ. ಹಿಂದಿರುಗುವಾಗ ಪ್ರತಿ ಬಾರಿಯೂ ಹಳೆಯ ಹೊಲಿಗೆಯ ಒಂದೇ ಬದಿಗೆ ಸೂಜಿ ಮೇಲೆದ್ದು ಇನ್ನೊಂದು ಬದಿಗೆ ಇಳಿದರೆ ಗೆರೆ ನೆಟ್ಟಗಿರುತ್ತದೆ. ಲಡಿಗಳನ್ನು ಒಬ್ಬರೇ ಒಟ್ಟಿಗೆ ಕೊಂಡು ಹಂಚಿಕೊಳ್ಳುವುದು ಒಳ್ಳೆಯದು. ಬಣ್ಣದ ಸಂಖ್ಯೆ ಒಂದೇ ಆದರೂ ಬೇರೆ ಬೇರೆ ಸಲ ಬಣ್ಣ ಹಾಕಿದ ದಾರದಲ್ಲಿ ಛಾಯೆ ತುಸು ಬದಲಾಗಬಹುದು. ಎಳೆ ಎಣಿಸಲು ಬರುವ ಬಿಳಿ ಮ್ಯಾಟಿ ಬಟ್ಟೆಯ ಮೇಲೆ ಕೆಂಪು ದಾರ ಅದನ್ನು ಮರೆಮಾಚುವುದಿಲ್ಲ.

ಇನ್ನು ನಮ್ಮ ಕೊಡಗಿನ ಮಳೆ. ಜಿಲ್ಲೆಗೆ ರೈಲಿಲ್ಲ, ಧಾರವಾಡದ ಕಟ್ಟು ರಸ್ತೆ ಹತ್ತಿಯೇ ಬರಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳು ತುಂಡಾದದ್ದನ್ನು ಕಂಡಿರುವ ನಾನು ಜುಲೈ, ಆಗಸ್ಟ್ ತಿಂಗಳಲ್ಲಿ ಬಟ್ಟೆಯನ್ನು ದಾರಿಗೆ ಬಿಡುವುದಿಲ್ಲ. ಆ ತಿಂಗಳುಗಳಲ್ಲಿ ಅದು ನನ್ನ ಬಳಿಯೇ ಇರುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ನನಗೆ ಬಿಡುವಿಲ್ಲ, ಆಗ ಅವಳ ಬಳಿ ಇರುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಿಲ್ಲವೇ ಎಂದರೆ, ಪೆಟ್ಟಿಗೆಯೊಳಗೆ ಮಡಿಸಿಟ್ಟ ಬಟ್ಟೆಗೆ ಹಿಡಿಯುತ್ತದೆ. ದಿನವೂ ಕೈಗೆತ್ತಿಕೊಂಡು ಗಾಳಿಗೆ ಹರಡುವ ಬಟ್ಟೆಗೆ ಹಿಡಿದದ್ದನ್ನು ನಾನು ಕಂಡಿಲ್ಲ. ಸೂಜಿಯನ್ನು ಮಾತ್ರ ಬಟ್ಟೆಯಲ್ಲಿ ಚುಚ್ಚಿ ಬಿಡಬಾರದು. ಇಲ್ಲಿನ ತೇವಕ್ಕೆ ತುಕ್ಕು ಹಿಡಿದರೆ ಆ ಕಲೆ ಹೋಗುವುದು ಬಲು ಕಷ್ಟ. ಕಳಿಸುವಾಗ ಚೌಕಟ್ಟು ತೆಗೆದು, ಬಟ್ಟೆಯನ್ನು ಮಡಿಸದೆ ಸುರುಳಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮೇಲೊಂದು ಗಟ್ಟಿ ಕವರು ಹಾಕುತ್ತೇನೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಂದಿಗೆ ವಿಲೀನಗೊಳಿಸಿದ್ದರಿಂದ ಈಗ ಸ್ಪೀಡ್ ಪೋಸ್ಟೇ ನಮ್ಮ ದಾರಿ. ರಸೀದಿಯ ಸಂಖ್ಯೆ ಹಾಕಿ ಕಟ್ಟು ಎಲ್ಲಿದೆಯೆಂದು ಮೊಬೈಲಿನಲ್ಲಿ ನೋಡುತ್ತಿರಬಹುದು.

ಕಳೆದುಹೋದರೆ? ಗ್ರಾಫ್ ಹಾಳೆಯ ನಕ್ಷೆ ಇಬ್ಬರ ಬಳಿಯೂ ಇದೆ, ಪ್ರತಿ ಸಲ ಫೋಟೊ ತೆಗೆದೇ ಕಳಿಸುತ್ತೇವೆ. ಅದರಿಂದ ಚಿತ್ರ ಮರಳಿ ಬಂದೀತು, ಕೈ ಬರುವುದಿಲ್ಲ. ಗೊತ್ತಿದ್ದೇ ಕಳಿಸುತ್ತೇವೆ. ಅವಳು ದಾರವನ್ನು ಎಷ್ಟು ಬಿಗಿಯಾಗಿ ಎಳೆಯುತ್ತಾಳೆ, ದಣಿದ ದಿನ ಎಲ್ಲಿ ಸಡಿಲ ಬಿಟ್ಟಿದ್ದಾಳೆ ಎಂಬುದು ನನ್ನ ಬೆರಳಿಗೆ ತಿಳಿಯುತ್ತದೆ; ಯಾವ ಫೋಟೊದಲ್ಲೂ ಅದು ಕಾಣುವುದಿಲ್ಲ. ಆ ಸಡಿಲಕ್ಕೆ ನನ್ನ ಹೊಲಿಗೆಯನ್ನೂ ಸಡಿಲಿಸಿ ಹೊಂದಿಸದಿದ್ದರೆ ಬಟ್ಟೆ ಸುಕ್ಕುಗಟ್ಟುತ್ತದೆ.

ಇದನ್ನು ಓದಿ ನಿಮ್ಮ ಗೆಳತಿಯೊಂದಿಗೆ ಶುರುಮಾಡುವುದಾದರೆ ತೇರಿಗೆ ಕೈ ಹಾಕಬೇಡಿ. ಕವಲಿಲ್ಲದ, ಗೇಣುದ್ದದ ಅಂಚು ಸಾಕು. ಒಬ್ಬರು ಹೋಗಿ, ಇನ್ನೊಬ್ಬರು ಬನ್ನಿ. ಒಂದು ಹೊಲಿಗೆಗೆ ಬಟ್ಟೆಯ ಎಷ್ಟು ಎಳೆ ಎಂಬುದನ್ನು ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಚೀಟಿಯಲ್ಲಿ ಬರೆದು ಬಟ್ಟೆಯ ಜೊತೆಗೇ ಇಡಿ.