ಮೆಕ್ಕಲು ಮಣ್ಣಲ್ಲಿ ಬೋರ್: ಎರಡನೇ ಪ್ರಯತ್ನದ ಲೆಕ್ಕ

ಹೊಲ ಇರುವುದು ಜೇವರ್ಗಿ ತಾಲೂಕಿನಲ್ಲಿ, ಕಟ್ಟಿಸಂಗಾವಿ ಸೇತುವೆಯಿಂದ ಸ್ವಲ್ಪ ದೂರ, ಭೀಮೆಯ ದಂಡೆಗೆ. ನಾನು ಕಲಬುರಗಿಯಲ್ಲಿ ಕೆಲಸ ಮಾಡುವವನು, ರವಿವಾರದ ರೈತ. ಒಂದೂವರೆ ಎಕರೆಯಲ್ಲಿ ನಿಂಬೆ ಹಚ್ಚಬೇಕು, ಡ್ರಿಪ್ ಹಾಕಬೇಕು, ಅದಕ್ಕೆ ನೀರು ಬೇಕು. ಇಷ್ಟೇ ಯೋಜನೆ. ಹೊಳೆ ಕಣ್ಣೆದುರೇ ಹರಿಯುವಾಗ ನೀರಿನದೇನು ಚಿಂತೆ ಅಂದುಕೊಂಡಿದ್ದೆ.

ಹೋದ ಮಾರ್ಚ್: ಮೊದಲ ಬೋರ್, ಅಂದರೆ ಮೊದಲ ಗುಂಡಿ

ಊರಲ್ಲಿ ಎಲ್ಲರೂ ಕರೆಸುವ ಬೋರ್ ಗಾಡಿಯನ್ನೇ ಕರೆಸಿದೆ. ಗಾಳಿಯ ಒತ್ತಡದಲ್ಲಿ ಸುತ್ತಿಗೆಯಂತೆ ಬಡಿಯುತ್ತಾ ಇಳಿಯುವ ಗಾಡಿ. ಕಲ್ಲಿನ ನೆಲಕ್ಕೆ ಅದರಂಥದ್ದು ಇನ್ನೊಂದಿಲ್ಲ. ಕಲ್ಲು ತಾನಾಗಿಯೇ ನಿಲ್ಲುತ್ತದೆ, ಮೇಲಿನ ಮಣ್ಣಿಗೆ ಮಾತ್ರ ಕೇಸಿಂಗ್ (ಗೋಡೆ ಕುಸಿಯದಂತೆ ಇಳಿಸುವ ಪೈಪ್) ಕೊಟ್ಟರೆ ಸಾಕು. ನಮ್ಮಲ್ಲಿ 40 ಅಡಿವರೆಗೆ ಕೇಸಿಂಗ್ ಇಳಿಸಿದರು. ಅದರ ಕೆಳಗೆ ಮರಳು. 60 ಅಡಿ ಹೊತ್ತಿಗೆ ನೀರು ಚಿಮ್ಮಿತು, ನಮ್ಮ ತಮ್ಮ ವಿಡಿಯೋ ಮಾಡಿಕೊಂಡ, ಎಲ್ಲರಿಗೂ ಪೇಢೆ ಆಯಿತು. ರಾಡ್ ಮೇಲೆತ್ತಿದ್ದೇ ತಡ, ಕೆಳಗಿನ ಮರಳು ಕುಸಿದು ಬೋರ್ ತುಂಬಿಕೊಂಡಿತು.

ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ಕೂತು ನೋಡುತ್ತಿದ್ದರು. "ನೀರ ಅದ ತಮ್ಮಾ, ಖರೇ ಇಲ್ಲಿ ಬೋರ್ ನಿಂದ್ರಂಗಿಲ್ಲ. ಮೊದಲೇ ಕೇಳಿದ್ರ ಹೇಳ್ತಿದ್ದೆ" ಅಂದರು. ಕೇಳಿರಲಿಲ್ಲ.

ಗಾಡಿಯವರ ಕರಾರು ಕನಿಷ್ಠ 200 ಅಡಿಯದು. 60 ಅಡಿ ಕೊರೆದರೂ ಅಡಿಗೆ 110ರಂತೆ 22,000 ರೂಪಾಯಿ. ಕೇಸಿಂಗ್‌ನಲ್ಲಿ ಅರ್ಧ ಮಾತ್ರ ಮೇಲೆ ಬಂತು, ಉಳಿದ 20 ಅಡಿ ಇನ್ನೂ ಅಲ್ಲೇ ಇದೆ. ಒಟ್ಟು 30,400 ರೂಪಾಯಿ ಮಣ್ಣುಪಾಲು, ಅಕ್ಷರಶಃ.

ಆ ಗುಂಡಿಯನ್ನು ಅದೇ ಸಂಜೆ ಬಾಯಿತನಕ ಮುಚ್ಚಿಸಿದೆ. ಪಕ್ಕದ ಜಿಲ್ಲೆಯ ಲಚ್ಯಾಣದಲ್ಲಿ 2024ರ ಏಪ್ರಿಲ್‌ನಲ್ಲಿ ಹೊಸ ಬೋರ್‌ಗೆ ಕೂಸು ಬಿದ್ದು, ಸುಮಾರು 20 ಗಂಟೆ ಹೋರಾಡಿ ಜೀವಂತ ತೆಗೆದದ್ದನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಬೋರ್ ಕೊರೆಸುವ 15 ದಿನ ಮೊದಲೇ ಬರವಣಿಗೆಯಲ್ಲಿ ತಿಳಿಸಬೇಕು, ಕೆಲಸ ನಡೆಯುವಾಗ ಬೇಲಿ ಹಾಕಬೇಕು, ಬಿಟ್ಟ ಬೋರನ್ನು ತುಂಬಬೇಕು ಎಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಎರಡನೇ ಸಲ ಪಂಚಾಯಿತಿಗೆ ಮೊದಲೇ ಅರ್ಜಿ ಕೊಟ್ಟೆ.

ಮಾರ್ಚ್‌ನಿಂದ ಜನವರಿ: ಸುಮ್ನೆ ಕೂರಲಿಲ್ಲ

ಕಾಕಾರ ಹೊಲದಲ್ಲಿ ಹಳೆಯ ಬಾವಿ ಇದೆ. ಅದಕ್ಕೆ ಹಗ್ಗ ಬಿಟ್ಟು ಅಳೆದದ್ದೇ ನನ್ನ ದೊಡ್ಡ ಸಂಶೋಧನೆ. ಮೇ ಕೊನೆಗೆ ನೀರು 35 ಅಡಿ ಕೆಳಗಿತ್ತು. ಫೆಬ್ರುವರಿಯಲ್ಲಿ 24 ಇರುತ್ತದೆ ಎಂದು ಕಾಕಾ ಮೆಟ್ಟಿಲು ಎಣಿಸಿ ಹೇಳಿದರು. ಈ ಎರಡು ಅಂಕಿ ಎಷ್ಟೋ ಖರ್ಚು ತೀರ್ಮಾನ ಮಾಡಿದವು. ಮೇಲೆ ಕೂರಿಸುವ ಮೋನೊಬ್ಲಾಕ್ ಪಂಪ್ ಅಗ್ಗ. ಆದರೆ ಅದು ಸರಿಯಾಗಿ ಎಳೆಯುವುದು 25 ಅಡಿ ಆಳದವರೆಗೆ. ನಮಗೆ ನೀರು ಬೇಕಾಗುವುದೇ ಮೇ ತಿಂಗಳಲ್ಲಿ, ಆಗ ಅದು ಬರೀ ಗಾಳಿ ಕುಡಿಯುತ್ತದೆ. ಹಾಗಾಗಿ ಸಬ್‌ಮರ್ಸಿಬಲ್, ಅಂದರೆ ನೀರಿನೊಳಗೇ ಇಳಿಸುವ ಪಂಪ್. ಅದು ಒಳಗೆ ಹಿಡಿಯಬೇಕು, ಹಾಗಾಗಿ ಏಳಿಂಚಿನ ಪೈಪ್.

ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸು ಎಂದು ಮನೆಯಲ್ಲಿ ಒತ್ತಾಯ ಮಾಡಿದರು. ಹೊಳೆ ದಂಡೆಯ ಮರಳಿನಲ್ಲಿ ನೀರು ಎಲ್ಲಿದೆ ಎಂಬುದು ಪ್ರಶ್ನೆಯೇ ಅಲ್ಲ. ಮರಳು ಬಿಟ್ಟು ನೀರಷ್ಟೇ ಹೇಗೆ ತೆಗೆಯುವುದು ಎಂಬುದು ಪ್ರಶ್ನೆ. ಅದನ್ನು ಕಾಯಿ ಹೇಳುವುದಿಲ್ಲ.

ಹೇಳಿದವರು ರೋಟರಿ ಗಾಡಿಯ ಮಿಸ್ತ್ರಿ. ಈ ಗಾಡಿ ಬಡಿಯುವುದಿಲ್ಲ, ತಿರುಗಿಸುತ್ತಾ ಇಳಿಯುತ್ತದೆ. ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ ಕಲಸಿದ ಕೆಸರುನೀರು ರಾಡ್ ಒಳಗಿಂದ ಇಳಿದು, ಬೋರ್‌ನ ಗೋಡೆ ಸವರಿಕೊಂಡು ಮಣ್ಣು ಹೊತ್ತು ಮೇಲೆ ಬರುತ್ತದೆ. ಕೆಸರಿನ ಭಾರಕ್ಕೇ ಗೋಡೆ ನಿಲ್ಲುತ್ತದೆ. ಪೈಪ್ ಇಳಿಯುವ ತನಕ ಕೆಸರು ಕಡಿಮೆಯಾಗಬಾರದು.

ದಿನ ಗೊತ್ತು ಮಾಡುವುದೂ ಒಂದು ಲೆಕ್ಕವೇ. ಎರೆ ಮಣ್ಣು ಹಸಿ ಇದ್ದರೆ ಗಾಡಿ ಅಚ್ಚಿನ ತನಕ ಹೂಳುತ್ತದೆ. ಒಣಗುವ ಹೊತ್ತಿಗೆ ಹೊಲದಲ್ಲಿ ತೊಗರಿ ನಿಂತಿರುತ್ತದೆ. ತೊಗರಿ ರಾಶಿ ಮುಗಿದ ಮೇಲೆ, ಜನವರಿ ಕೊನೆ ವಾರ ಅಂತ ಆಯಿತು.

ಜನವರಿ ಕೊನೆ: ಎರಡು ದಿನದ ಕೆಲಸ

ಹನ್ನೆರಡು ಇಂಚಿನ ಬೋರ್. ಪ್ರತಿ ಐದು ಅಡಿಗೆ ಮೇಲೆ ಬಂದ ಮಣ್ಣನ್ನು ಒಂದೊಂದು ಗುಡ್ಡೆ ಮಾಡಿ ಸಾಲಾಗಿ ಇಟ್ಟೆ. 14 ಅಡಿವರೆಗೆ ಎರೆ. ಅಲ್ಲಿಂದ 37ರವರೆಗೆ ಸುಣ್ಣದ ಹರಳು ಸೇರಿದ ಹಳದಿ ಜಿಗುಟು ಮಣ್ಣು. 46ರವರೆಗೆ ಸಕ್ಕರೆಯಂಥ ಸಣ್ಣ ಮರಳು. ಆಮೇಲೆ 70ರವರೆಗೆ ದಪ್ಪ ಮರಳು, ನಡುನಡುವೆ ಗುಂಡು ಹರಳು. ಇದೇ ನಮಗೆ ಬೇಕಾದದ್ದು. ಮತ್ತೆ ಆರು ಅಡಿ ಜಿಗುಟು ಮಣ್ಣು. 76ಕ್ಕೆ ಗಾಡಿ ನಡುಗಿತು: ಪರಸಿ ಕಲ್ಲು, ನಮ್ಮ ಶಹಾಬಾದ್ ಕಲ್ಲು. 78ಕ್ಕೆ ನಿಲ್ಲಿಸಿದೆವು.

ಪೈಪ್ ಯಾವ ಆಳಕ್ಕೆ ಯಾವುದು ಎಂಬುದರ ಮೇಲೆ ಅರ್ಧ ತಾಸು ಜಗಳ ಆಯಿತು. 37ರಿಂದಲೇ ಸ್ಲಾಟ್ ಪೈಪ್ (ನೀರು ಒಳಬರಲು ಸೀಳು ಇರುವ ಪೈಪ್) ಹಾಕೋಣ, ನೀರು ಜಾಸ್ತಿ ಬರುತ್ತದೆ ಎಂದರು ಮಿಸ್ತ್ರಿ. ಸಣ್ಣ ಮರಳು ಒಂದು ಮಿಲಿಮೀಟರಿನ ಸೀಳಿನಿಂದ ಸಲೀಸಾಗಿ ಒಳಗೆ ಬರುತ್ತದೆ, ಬೇಡ ಎಂದೆ ನಾನು. ಹಾಗಾದರೆ ನೈಲಾನ್ ಜಾಳಿಗೆ ಸುತ್ತೋಣ ಎಂದರು. ಅದು ವರ್ಷದಲ್ಲಿ ಕಟ್ಟಿಕೊಳ್ಳುತ್ತದೆ, ಆಮೇಲೆ ಬಿಚ್ಚಲು ಬರುವುದಿಲ್ಲ. ಕೊನೆಗೆ 48ರಿಂದ 68 ಅಡಿವರೆಗೆ ಮಾತ್ರ ಸ್ಲಾಟ್. ಅದರ ಕೆಳಗೆ ಹತ್ತಡಿ ಸಾದಾ ಪೈಪ್, ತಳಕ್ಕೆ ಮುಚ್ಚಳ. ಒಳಗೆ ನುಸುಳಿದ ಮರಳು ಅಲ್ಲಿ ಕೂರಲಿ ಅಂತ. ಮೇಲೆಲ್ಲಾ ಸಾದಾ ಪೈಪ್, ನೆಲದಿಂದ ಎರಡಡಿ ಎತ್ತರದವರೆಗೆ. ಪಂಪ್ 46 ಅಡಿಗೆ, ಸ್ಲಾಟ್‌ಗಿಂತ ಮೇಲೆ. ಆಗ ನೀರು ಕೆಳಗಿನಿಂದ ಮೋಟರನ್ನು ತಣಿಸುತ್ತಾ ಬರುತ್ತದೆ.

ಪೈಪ್ ಮತ್ತು ಗೋಡೆಯ ನಡುವಿನ ಜಾಗಕ್ಕೆ, ಮರಳು ತಡೆಯಲು, ಎರಡರಿಂದ ನಾಲ್ಕು ಮಿಲಿಮೀಟರಿನ ಗುಂಡು ಹರಳು. ಕ್ರಷರ್ ಕಡಿ ಅಲ್ಲ, ಅದು ಚಪ್ಪಟೆ, ಧೂಳು ಬೇರೆ. ಲೆಕ್ಕದ ಪ್ರಕಾರ ಅಡಿಗೆ ಅರ್ಧ ಘನ ಅಡಿ ಹಿಡಿಯುತ್ತದೆ, ಅಂದರೆ ಸುಮಾರು 35 ಸಾಕು. ಮರಳಿನ ಗೋಡೆ ಅಲ್ಲಲ್ಲಿ ಹೊಟ್ಟೆ ಬಿಟ್ಟಿರುತ್ತದೆ ಎಂದು 60 ತರಿಸಿದ್ದೆ, 55 ಇಳಿಯಿತು. ಬುಟ್ಟಿಯಲ್ಲಿ ಮೆಲ್ಲಗೆ ಸುತ್ತಲೂ ಸುರಿಯಬೇಕು. ಒಮ್ಮೆಲೇ ಸುರಿದರೆ ನಡುವೆ ಸಿಕ್ಕಿಕೊಂಡು ಕೆಳಗೆ ಖಾಲಿ ಉಳಿಯುತ್ತದೆ. ಅವ್ವ ಮತ್ತು ಅತ್ತಿಗೆ ಈ ಕೆಲಸ ನಮಗಿಂತ ಚೆನ್ನಾಗಿ ಮಾಡಿದರು.

ಮೇಲಿನ ಹತ್ತು ಅಡಿಗೆ ಹರಳಿಲ್ಲ, ಸಿಮೆಂಟ್ ಗಾರೆ. 2020ರ ಅಕ್ಟೋಬರ್ ನೆರೆಯಲ್ಲಿ ಈ ಹೊಲ ಪೂರ್ತಿ ಮುಳುಗಿತ್ತು. ಎರೆ ಮಣ್ಣಿನ ಬಿರುಕಿನಿಂದ ನೆರೆಯ ರಾಡಿ ಸೀದಾ ಬೋರ್‌ಗೆ ಇಳಿಯಬಾರದು ಅಲ್ವಾ. ಬಾಯಿಗೆ ರಬ್ಬರ್ ಇಟ್ಟು ಬೋಲ್ಟ್ ಹಾಕುವ ಮುಚ್ಚಳ ಮಾಡಿಸುತ್ತಿದ್ದೇನೆ.

ದುಡ್ಡು

ನಾನು ಕೊಟ್ಟ ದರ ಇದು, ಬೇರೆ ಕಡೆ ಬೇರೆ ಇರುತ್ತದೆ. ಕೊರೆತ ಅಡಿಗೆ 380ರಂತೆ 29,640. ಸಾದಾ ಪೈಪ್ 60 ಅಡಿ, 430ರಂತೆ 25,800. ಸ್ಲಾಟ್ ಪೈಪ್ 20 ಅಡಿ, 620ರಂತೆ 12,400. ಹರಳು ಸಾಗಾಟ ಸೇರಿ 6,500, ಬೆಂಟೊನೈಟ್ ಆರು ಚೀಲ 2,700, ಗಾಡಿ ತರಿಸಿದ್ದು 5,000. ಕಂಪ್ರೆಸರ್ ಎಂಟು ತಾಸು 9,600. ಊಟ, ಚಹಾ, ಸಿಮೆಂಟ್ ಎಲ್ಲಾ ಸೇರಿ 3,000. ಒಟ್ಟು 94,640, ಪಂಪ್ ಬಿಟ್ಟು. ಕೊರೆತದ ದುಡ್ಡು ಇದರಲ್ಲಿ ಮೂರನೇ ಒಂದು ಪಾಲೂ ಇಲ್ಲ. ಮೊದಲ ಸಲ ನಾನು ಅಡಿಗೆ ಎಷ್ಟು ಎಂದಷ್ಟೇ ಕೇಳಿ ಚೌಕಾಸಿ ಮಾಡಿದ್ದೆ.

ಫೆಬ್ರುವರಿ: ತೊಳೆಯುವುದು ಇನ್ನೂ ಮುಗಿದಿಲ್ಲ

ಕಂಪ್ರೆಸರ್‌ನಿಂದ ಬೋರ್ ಒಳಗೆ ಗಾಳಿ ಊದಿ ಎಂಟು ತಾಸು ತೊಳೆದೆವು. ಮೊದಲು ಕೆಸರು, ಆಮೇಲೆ ಚಹಾ ಬಣ್ಣ, ಸಂಜೆಗೆ ತಿಳಿ. ಮಿಸ್ತ್ರಿ ವಿ-ನಾಚ್ (V ಆಕಾರದ ಕಚ್ಚಿರುವ ತಗಡು, ಕಚ್ಚಿನಲ್ಲಿ ನೀರು ಎಷ್ಟು ಇಂಚು ಎತ್ತರ ಹರಿಯುತ್ತದೆ ಎಂದು ನೋಡುವುದು) ಇಟ್ಟು "ಎರಡೂವರೆ ಇಂಚು ಅದ ನೋಡ್ರಿ" ಅಂದರು. ಊರಲ್ಲಿ ಇಂಚಿನ ಲೆಕ್ಕವೇ ಮೋಸ ಮಾಡುವುದು. 90 ಡಿಗ್ರಿ ನಾಚ್‌ನಲ್ಲಿ ಎರಡಿಂಚು ಅಂದರೆ ತಾಸಿಗೆ ಸುಮಾರು 2,900 ಲೀಟರ್, ಮೂರಿಂಚು ಅಂದರೆ ಸುಮಾರು 8,000. ಒಂದಿಂಚಿನ ವ್ಯತ್ಯಾಸಕ್ಕೆ ನೀರು ಎರಡೂವರೆ ಪಟ್ಟಿಗೂ ಜಾಸ್ತಿ. ನಾನು ಕಾಕಾರ ಹಳೆ ಪಂಪ್ ಇಳಿಸಿ 200 ಲೀಟರ್ ಡ್ರಮ್ ಹಿಡಿದೆ. 2 ನಿಮಿಷ 20 ಸೆಕೆಂಡ್, ಅಂದರೆ ತಾಸಿಗೆ 5,100 ಲೀಟರ್ ಹತ್ತಿರ. ಮಿಸ್ತ್ರಿ ಹೇಳಿದ್ದು ಸರಿ ಇತ್ತು. 160 ಗಿಡಕ್ಕೆ ದಿನಕ್ಕೆ 40 ಲೀಟರ್ ಹಿಡಿದರೂ ಒಂದೂಕಾಲು ತಾಸಿನ ಕೆಲಸ. ಇದು ಫೆಬ್ರುವರಿಯ ನೀರು, ಮೇ ತಿಂಗಳಲ್ಲಿ ಮತ್ತೆ ಡ್ರಮ್ ಹಿಡಿಯಬೇಕು.

ಒಂದು ಬಕೆಟ್ ನೀರನ್ನು ರಾತ್ರಿಯಿಡೀ ಇಟ್ಟು ಬೆಳಗ್ಗೆ ಮೆಲ್ಲಗೆ ಬಗ್ಗಿಸಿದೆ. ತಳದಲ್ಲಿ ಒಂದು ಚಿಟಿಕೆ ಮರಳು. ಪಂಪಿನೊಳಗೆ ತಿರುಗಿ ನೀರೆತ್ತುವ ಇಂಪೆಲ್ಲರ್ ತಿನ್ನಲು ಅಷ್ಟು ಸಾಕು. ಹೊಸ ಪಂಪ್ ಖರೀದಿ ಮುಂದಕ್ಕೆ ಹಾಕಿದ್ದೇನೆ. ಬರುವ ರವಿವಾರ ಇನ್ನೂ ನಾಲ್ಕು ತಾಸು ಕಂಪ್ರೆಸರ್, ಮತ್ತೆ 4,800. ಬಕೆಟ್ ಕಾಕಾರ ಮನೆಯಲ್ಲೇ ಬಿಟ್ಟು ಬಂದಿದ್ದೇನೆ.