ಕೋಲ್ ಇಂಡಿಯಾ ಷೇರು ಇಟ್ಟುಕೊಂಡ ಬಾಯ್ಲರ್‌ನವನ ಲೆಕ್ಕ

ಷೇರಿನ ವಿಚಾರದಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ, ಕಲ್ಲಿದ್ದಲೊಂದನ್ನು ಬಿಟ್ಟು. ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಕಡೆ ದುಡಿದು ನಿವೃತ್ತನಾದವನಲ್ವಾ, ಅದಕ್ಕೆ. ಮೊನ್ನೆ ತಂಗಿಯ ಮಗ ಫೋನು ಮಾಡಿದ್ದ. ‘ಮಾವ, ಕ್ಲೀನ್ ಕೋಲ್ ಬಂದ್ರೆ ಇನ್ನು ಕಲ್ಲಿದ್ದಲಿಗೆ ಭಯವೇ ಇಲ್ವಂತೆ. ಕೋಲ್ ಇಂಡಿಯಾ ತಗೊಳ್ಲಾ?’ ಫೋನಿನಲ್ಲಿ ಮುಗಿಯುವ ಉತ್ತರ ಅಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಸರ್ಕಾರಿ ಗಣಿ ಕಂಪನಿ ಕೋಲ್ ಇಂಡಿಯಾದ ಷೇರು ನನ್ನ ಹತ್ತಿರವೂ ಇದೆ, ಅದನ್ನು ನೆನಪಿಟ್ಟುಕೊಂಡೇ ಓದಿ.

ಕ್ಲೀನ್ ಕೋಲ್ ಅಂದರೆ ಕಲ್ಲಿದ್ದಲು ಸುಟ್ಟಾಗ ಬರುವ ಕೊಳೆ ಕಮ್ಮಿ ಮಾಡುವ ತಂತ್ರಗಳು. ಆ ಕೊಳೆ ಮೂರು ಥರ: ಬೂದಿ, ಗಂಧಕ, ಇಂಗಾಲದ ಡೈಆಕ್ಸೈಡ್. ಬೂದಿಯ ಕಷ್ಟ ನಮಗೆ ಚೆನ್ನಾಗಿ ಗೊತ್ತು. ನಮ್ಮ ದೇಶದ ಕಲ್ಲಿದ್ದಲು ನೂರು ಕೆಜಿ ಸುಟ್ಟರೆ 30-40 ಕೆಜಿ ಬೂದಿಯೇ ಉಳಿಯುತ್ತದೆ. ಗೂಡ್ಸ್ ರೈಲಿನಲ್ಲಿ ಬರುವ ಸರಕಿನಲ್ಲಿ ಕಲ್ಲು, ಕಬ್ಬಿಣದ ಚೂರು ಎಲ್ಲ ಇರುತ್ತದೆ. ಮಿಲ್ಲಿನಲ್ಲಿ ಹಿಟ್ಟಾಗಿ ಬಾಯ್ಲರ್‌ನಲ್ಲಿ ಉರಿದ ಮೇಲೆ ಆ ಬೂದಿ ಒಳಗಿನ ಟ್ಯೂಬುಗಳನ್ನು ಸವೆಸುತ್ತಾ ಹೋಗುತ್ತದೆ. ಟ್ಯೂಬ್ ಲೀಕ್ ಆದರೆ ಕರೆಂಟು ಮಾಡುವ ಆ ಘಟಕವೇ (ಯೂನಿಟ್) ಬಂದ್. ಆದರೆ ಚಿಮಣಿಗೆ ಹೋಗುವ ಮುಂಚೆ ಇಎಸ್‌ಪಿ ಅನ್ನುವ ಯಂತ್ರ, ಸರಿಯಾಗಿ ಇಟ್ಟುಕೊಂಡರೆ, ಬೂದಿಯಲ್ಲಿ ನೂರಕ್ಕೆ 99 ಪಾಲಿಗಿಂತ ಜಾಸ್ತಿ ಹಿಡಿದುಬಿಡುತ್ತದೆ. ಅದು ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತದೆ. ಈ ಕೆಲಸ ಗೆದ್ದಂತೆಯೇ. ಬೂದಿ ಹೊಂಡದ ಪಕ್ಕದ ಊರಿನವರು ಇದನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು.

ಗಂಧಕ ತೆಗೆಯುವ ಯಂತ್ರ ಎಫ್‌ಜಿಡಿ. ಹೊಗೆಯನ್ನು ಸುಣ್ಣಕಲ್ಲಿನ ನೀರಿನಲ್ಲಿ ತೊಳೆದರೆ ಜಿಪ್ಸಮ್ ಸಿಗುತ್ತದೆ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಂದು ಎರಡು ವರ್ಷ ಗಡುವು ಕೊಟ್ಟಿತು. ಗಡುವು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಅನ್ನುವುದು ಒಂದು ಕಾರಣ. ‘ಕ್ಲೀನ್ ಕೋಲ್’ ಯಂತ್ರ ಮಾಡುವ ಕಂಪನಿಗಳ ಷೇರು ಹಿಡಿಯುವವರು ಇದನ್ನು ನೋಡಬೇಕು. ಸರ್ಕಾರ ಕಡ್ಡಾಯ ಮಾಡಿದರೆ ಆರ್ಡರು, ಕೈಬಿಟ್ಟರೆ ಅದೂ ಇಲ್ಲ. ತಾನಾಗಿ ಬಂದು ಯಾರೂ ಕೊಳ್ಳುವುದಿಲ್ಲ.

ಇನ್ನು ಉಳಿದದ್ದು ಇಂಗಾಲ. ನಿಜವಾದ ಜಗಳ ಇರುವುದೇ ಇಲ್ಲಿ. ಅಮೆರಿಕದ ಮಿಸಿಸಿಪ್ಪಿಯಲ್ಲಿ ಕೆಂಪರ್ ಅಂತ ಒಂದು ಸ್ಥಾವರ ಕಟ್ಟಿದರು. ಲಿಗ್ನೈಟ್ ಅನ್ನುವ ಕಂದು ಕಲ್ಲಿದ್ದಲನ್ನು ಅನಿಲ ಮಾಡಿ, ಇಂಗಾಲ ಬೇರ್ಪಡಿಸಿ, ಆಮೇಲೆ ವಿದ್ಯುತ್ ಮಾಡುವ ಯೋಜನೆ. 300 ಕೋಟಿ ಡಾಲರ್ ಒಳಗೆ ಮುಗಿಯಬೇಕಿದ್ದ ಕೆಲಸಕ್ಕೆ 700 ಕೋಟಿ ಡಾಲರ್‌ಗೂ ಜಾಸ್ತಿ ಸುರಿದರು. 2017ರಲ್ಲಿ ಕಲ್ಲಿದ್ದಲಿನ ಭಾಗವನ್ನೇ ಕೈಬಿಟ್ಟು ನೈಸರ್ಗಿಕ ಅನಿಲದಲ್ಲೇ ಓಡಿಸಿದರು. ಟೆಕ್ಸಾಸ್‌ನ ಪೆಟ್ರಾ ನೋವಾ ಅನ್ನುವ ಇಂಗಾಲ ಹಿಡಿಯುವ ಯೋಜನೆ ಅದಕ್ಕಿಂತ ವಾಸಿ. 2017ರಲ್ಲಿ ಶುರುವಾಗಿ ಇಂಗಾಲ ಹಿಡಿದದ್ದು ನಿಜ. ಆದರೆ ಹಿಡಿದದ್ದನ್ನು ಹಳೇ ತೈಲ ಬಾವಿಗೆ ತುಂಬಿ ಎಣ್ಣೆ ಎತ್ತಿದರೆ ಮಾತ್ರ ಅವರಿಗೆ ಗಿಟ್ಟುತ್ತಿತ್ತು. 2020ರಲ್ಲಿ ಎಣ್ಣೆ ಬೆಲೆ ಕುಸಿಯಿತು, ಯಂತ್ರ ನಿಂತಿತು. ಮತ್ತೆ ಶುರುವಾದದ್ದು 2023ರಲ್ಲಿ.

ನಮ್ಮಲ್ಲಿ? ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿ ತನ್ನ ವಿಂಧ್ಯಾಚಲ ಸ್ಥಾವರದಲ್ಲಿ ದಿನಕ್ಕೆ 20 ಟನ್ ಇಂಗಾಲದ ಡೈಆಕ್ಸೈಡ್ ಹಿಡಿಯುವ ಘಟಕ ಹಾಕಿದೆ. ಅದರಿಂದ ಮೆಥನಾಲ್ ಅನ್ನುವ ಇಂಧನ ಮಾಡುವ ಉದ್ದೇಶ. ಒಳ್ಳೆಯ ಪ್ರಯೋಗ, ಬೇಡ ಅನ್ನಲಾರೆ. ಆದರೆ 1000 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಒಂದು ದಿನ ಪೂರ್ತಿ ಓಡಿದರೆ ಸುಮಾರು 20 ಸಾವಿರ ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ವಿಂಧ್ಯಾಚಲ 4760 ಮೆಗಾವಾಟಿನದು. ಮೇಲಾಗಿ, ಹಿಡಿಯುವ ಯಂತ್ರಕ್ಕೆ ಬೇಕಾದ ಹಬೆ, ಕರೆಂಟು ಅದೇ ಸ್ಥಾವರದ್ದೇ. ಅಷ್ಟು ಮಾರಾಟ ಕಮ್ಮಿ, ಆ ನಷ್ಟ ತುಂಬಿಕೊಡುವವರು ಯಾರು?

ನನ್ನ ಪ್ರಕಾರ ನಿಜವಾಗಿ ಕೈಗೆ ಸಿಕ್ಕಿರುವ ಸುಧಾರಣೆ ಎಂದರೆ ಕಡಿಮೆ ಸುಟ್ಟು ಜಾಸ್ತಿ ಕರೆಂಟು ತೆಗೆಯುವುದು. ನಮ್ಮ ಹಳೇ 210 ಮೆಗಾವಾಟ್ ಸೆಟ್ಟುಗಳಿಗೆ ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಮ್ಮಿ 700 ಗ್ರಾಂ ಕಲ್ಲಿದ್ದಲು ಬೇಕು. ಯರಮರಸ್, ಕೂಡಗಿಯ 800 ಮೆಗಾವಾಟಿನ ಸೂಪರ್ ಕ್ರಿಟಿಕಲ್ (ಹೆಚ್ಚು ಬಿಸಿ, ಹೆಚ್ಚು ಒತ್ತಡದ ಹಬೆಯ) ಯೂನಿಟ್‌ಗಳಿಗೆ ಅಷ್ಟು ಬೇಡ. ಮಧ್ಯಪ್ರದೇಶದ ಖರ್ಗೋನ್ ಸ್ಥಾವರದಲ್ಲಿ ಹಬೆ 600 ಡಿಗ್ರಿವರೆಗೆ ಕಾಯುತ್ತದೆ, ದಕ್ಷತೆ ನೂರಕ್ಕೆ 41 ದಾಟುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ, ಲೋಹ ಚೆನ್ನಾಗಿರಬೇಕು ಅಷ್ಟೇ.

ಈಗ ದುಡ್ಡಿನ ಮಾತು. 2010ರಲ್ಲಿ ಕೋಲ್ ಇಂಡಿಯಾ 245 ರೂಪಾಯಿಗೆ ಷೇರು ಬಿಟ್ಟಾಗ ಸಣ್ಣ ಹೂಡಿಕೆದಾರರಿಗೆ ನೂರಕ್ಕೆ 5 ರಿಯಾಯಿತಿ ಇತ್ತು. ಅದರಲ್ಲಿ ನನಗೂ ಒಂದಿಷ್ಟು ಸಿಕ್ಕಿತು. ಹತ್ತು ವರ್ಷ ಕಳೆದು 2020ರಲ್ಲಿ ಅದು 120ರ ಕೆಳಗೆ ಬಿತ್ತು. 2024ರಲ್ಲಿ 500 ದಾಟಿತು. ಆ ನಾಲ್ಕು ವರ್ಷದಲ್ಲಿ ಕಲ್ಲಿದ್ದಲು ಒಂದು ಚೂರೂ ಕ್ಲೀನ್ ಆಗಲಿಲ್ಲ. ಕರೆಂಟಿನ ಬೇಡಿಕೆ ಏರಿತು, ಯುಕ್ರೇನ್ ಯುದ್ಧದಿಂದ ಹೊರದೇಶದ ಕಲ್ಲಿದ್ದಲು ತುಟ್ಟಿಯಾಯಿತು, ಅಷ್ಟೇ. ಇಷ್ಟು ವರ್ಷದ ಡಿವಿಡೆಂಡ್ ಕೂಡಿಸಿದರೆ ನಾನು ಹಾಕಿದ ದುಡ್ಡು ವಾಪಸ್ ಬಂದಿದೆ. ವಯಸ್ಸಾದ ತೆಂಗಿನ ತೋಟ ಇದು. ಕಾಯಿ ಇನ್ನೂ ಚೆನ್ನಾಗಿ ಬೀಳುತ್ತದೆ, ಹಾಗಂತ ಎಳೇ ತೋಟದ ಬೆಲೆ ಕೊಟ್ಟು ಕೊಳ್ಳಬಾರದು.

2024-25ರವರೆಗೆ ಬೇಡಿಕೆ ಬಿದ್ದಿರಲಿಲ್ಲ. ಆ ವರ್ಷ ದೇಶದ ಕಲ್ಲಿದ್ದಲು ಉತ್ಪಾದನೆ ಮೊದಲ ಸಲ 100 ಕೋಟಿ ಟನ್ ದಾಟಿತು. ನನಗೆ ಅನುಮಾನ ಇರುವುದು ಬೇರೆ ಕಡೆ. ಕರ್ನಾಟಕದಲ್ಲಿ ಮಳೆಗಾಲಕ್ಕೆ ಶರಾವತಿ ತುಂಬಿ, ಗಾಳಿ ಜೋರಾದರೆ ಥರ್ಮಲ್ ಯೂನಿಟ್‌ಗಳಿಗೆ ರಜೆ. ಮಧ್ಯಾಹ್ನ ಪಾವಗಡದ ಕಡೆಯಿಂದ ಬಿಸಿಲಿನ ಕರೆಂಟು ಬಂದರೆ ಲೋಡ್ ಇಳಿಸು ಅಂತಾರೆ, ಸಂಜೆ ಆರಕ್ಕೆ ಏರಿಸು ಅಂತಾರೆ. ಪೂರ್ತಿ ಸಾಮರ್ಥ್ಯದ ನೂರಕ್ಕೆ 55ಕ್ಕೆ ಇಳಿಸಿ ಓಡಿಸಬೇಕು ಅಂತ ಈಗ ನಿಯಮವೇ ಇದೆ, ಮುಂದೆ 40ಕ್ಕೆ. ದಿನಾ ಹೀಗೆ ಕಾಯಿಸಿ ತಣಿಸಿದರೆ ಟ್ಯೂಬು, ಜಾಯಿಂಟು ಬೇಗ ಹಾಳಾಗುತ್ತವೆ. ಸ್ಥಾವರಗಳ ಸಂಖ್ಯೆ ಏರಿದರೂ ಒಂದೊಂದೂ ಸುಡುವ ಟನ್ನು ಕಮ್ಮಿಯಾಗಬಹುದು. ಕೋಲ್ ಇಂಡಿಯಾ ದುಡಿಯುವುದು ಮೆಗಾವಾಟ್ ಮೇಲಲ್ಲ, ಟನ್ ಮೇಲೆ.

ಹಾಗಾಗಿ ಮೂರು ತಿಂಗಳ ಫಲಿತಾಂಶ ಬಂದಾಗ ನಾನು ಲಾಭಕ್ಕೆ ಮುಂಚೆ ಎರಡು ಅಂಕಿ ನೋಡುತ್ತೇನೆ: ಗಣಿಯಿಂದ ಎಷ್ಟು ಟನ್ ಹೊರಗೆ ಹೋಯಿತು, ಇ-ಹರಾಜಿನಲ್ಲಿ ಟನ್ನಿಗೆ ಎಷ್ಟು ಸಿಕ್ಕಿತು. ಸದ್ಯಕ್ಕೆ ಮಾರಿಲ್ಲ, ಹೊಸದಾಗಿ ಕೊಂಡೂ ಇಲ್ಲ.