ಸಿರಿಂಜ್ ಪ್ರಯೋಗ: ಚಿಕ್ಕಮಗಳೂರಿನ ಗಾಳಿಯ ಒತ್ತಡ ಲೆಕ್ಕಕ್ಕೆ ಸಿಕ್ಕಿತು

ಬಾಯ್ಲ್ ನಿಯಮವನ್ನು (ಒತ್ತಡ ಹೆಚ್ಚಿದಷ್ಟೂ ಗಾಳಿಯ ಗಾತ್ರ ಕುಗ್ಗುತ್ತದೆ, ಎರಡನ್ನೂ ಗುಣಿಸಿದರೆ ಒಂದೇ ಸಂಖ್ಯೆ) ಪರೀಕ್ಷಿಸಲು ಮಾಡಿದ ಸ್ಟ್ಯಾಂಡ್ ಈಗ ಅಲುಗಾಡದೆ ನಿಂತಿದೆ. ಹಲಗೆಗೆ ತೂತು ಕೊರೆದು 20 ಎಂಎಲ್ ಸಿರಿಂಜನ್ನು ನೆಟ್ಟಗೆ ಕೂರಿಸಿದ್ದೇನೆ. ಒಳಗೆ 20 ಎಂಎಲ್ ಗಾಳಿ ಬಿಟ್ಟು ಮೂತಿಯನ್ನು ಎಂ-ಸೀಲ್ ಹಾಕಿ ಮುಚ್ಚಿದ್ದೇನೆ. ಒತ್ತುವ ಪಿಸ್ಟನ್ನಿನ ಮೇಲೆ ಹಗುರವಾದ ಒಂದು ತಟ್ಟೆ. ಅದರ ಮೇಲೆ ದಿನಸಿ ಅಂಗಡಿಯಿಂದ ತಂದ ಹಳೇ ತೂಕದ ಬಟ್ಟುಗಳು.

ಬಟ್ಟು ಇಟ್ಟ ಕೂಡಲೇ ಅಳತೆ ನೋಡಬಾರದು. ಅದುಮಿದ ಗಾಳಿ ಸ್ವಲ್ಪ ಬಿಸಿಯಾಗುತ್ತದೆ, ಅದು ಆರುವವರೆಗೆ ಕಾಯಬೇಕು. ತಾಪಮಾನ ಬದಲಾಗದಿದ್ದರೆ ಮಾತ್ರ ಬಾಯ್ಲ್ ನಿಯಮ ನಡೆಯುವುದು. ಇನ್ನೊಂದು ತೊಡಕು ಪಿಸ್ಟನ್ನಿನ ತುದಿಯ ರಬ್ಬರ್‌ನದು, ಸಿರಿಂಜಿನ ಗೋಡೆಗೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಒಮ್ಮೆ ಸ್ವಲ್ಪ ಒತ್ತಿ ಬಿಟ್ಟು, ಇನ್ನೊಮ್ಮೆ ಸ್ವಲ್ಪ ಎತ್ತಿ ಬಿಟ್ಟು, ಎರಡರ ಸರಾಸರಿ ಬರೆದುಕೊಳ್ಳುತ್ತಿದ್ದೇನೆ.

ಬಂದ ಅಳತೆ ಇದು: 1 ಕೆಜಿ ಇಟ್ಟರೆ 14.5 ಎಂಎಲ್, 2 ಕೆಜಿಗೆ 11.5, 3 ಕೆಜಿಗೆ 9.5. ಒತ್ತಡವನ್ನು ಗಾತ್ರದಿಂದ ಗುಣಿಸಿದರೆ ಒಂದೇ ಸಂಖ್ಯೆ ಬರಬೇಕು, ಅಲ್ವಾ? ಸುಮ್ನೆ ಬಟ್ಟಿನ ತೂಕದಿಂದ ಗುಣಿಸಿದರೆ 14.5, 23, 28.5. ಒಂದಕ್ಕೊಂದು ತಾಳೆಯೇ ಇಲ್ಲ. ಯಾಕೆಂದರೆ ಬಟ್ಟು ಇಡುವ ಮೊದಲೇ ಹೊರಗಿನ ಗಾಳಿ ಪಿಸ್ಟನ್ನನ್ನು ಒತ್ತುತ್ತಿರುತ್ತದೆ. ಅದನ್ನೂ ಕೂಡಿಸಬೇಕು.

ಎಷ್ಟು ಕೂಡಿಸುವುದು? ಅದನ್ನು ಗ್ರಾಫ್ ಹೇಳುತ್ತದೆ. ತೂಕ ಒಂದು ಕಡೆ, 1 ಭಾಗಿಸು ಗಾತ್ರ ಇನ್ನೊಂದು ಕಡೆ ಹಾಕಿದೆ. ಚುಕ್ಕಿಗಳು ನೇರ ಗೆರೆಗೆ ಕೂತವು. ಗೆರೆಯನ್ನು ಹಿಂದಕ್ಕೆ ಎಳೆದರೆ ತೂಕದ ಅಕ್ಷಕ್ಕೆ ಸೊನ್ನೆಯಿಂದ ಕೆಳಗೆ ಸುಮಾರು 2.7 ಕೆಜಿಯಲ್ಲಿ ತಾಗುತ್ತದೆ, ಅದೇ ಹೊರಗಿನ ಗಾಳಿಯ ಪಾಲು. ಈ 2.7 ಕೂಡಿಸಿ ಗುಣಿಸಿದಾಗ 54, 53.65, 54.05, 54.15! ಮೊದಲನೆಯದು ಬಟ್ಟು ಇಲ್ಲದೆ, ಬರೀ ಗಾಳಿಯ ಲೆಕ್ಕ. ನೋಡಿ ತುಂಬಾ ಖುಷಿಯಾಯಿತು.

1662ರಲ್ಲಿ ರಾಬರ್ಟ್ ಬಾಯ್ಲ್ ತನ್ನ ಅಳತೆಗಳನ್ನು ಪ್ರಕಟಿಸಿದಾಗ ಮಾಡಿದ್ದೂ ಇದನ್ನೇ. ಬಾಗಿದ ಗಾಜಿನ ಕೊಳವೆಗೆ ಪಾದರಸ ಸುರಿದು ಗಾಳಿ ಕುಗ್ಗುವುದನ್ನು ಅಳೆದ. ಪ್ರತಿ ಅಳತೆಗೂ ಹೊರಗಿನ ಗಾಳಿಯ ಪಾಲಾಗಿ ಸುಮಾರು 29 ಇಂಚು ಪಾದರಸ ಕೂಡಿಸಿದ. ನನಗೆ ಕೂಡಿಸಲು ಸಿಕ್ಕಿದ್ದು ನಮ್ಮೂರಿನ ಗಾಳಿ. ಸಿರಿಂಜಿನ ಮೇಲೆ ಸೊನ್ನೆಯಿಂದ 20 ಎಂಎಲ್ ಗುರುತಿನವರೆಗೆ ಉದ್ದ 66 ಮಿಲಿಮೀಟರ್, ಅಂದರೆ ಪಿಸ್ಟನ್ನಿನ ಮುಖ ಸುಮಾರು 3 ಚದರ ಸೆಂಟಿಮೀಟರ್. 2.7 ಕೆಜಿಯನ್ನು ಇದರಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ 0.9 ಕೆಜಿ ಬಿತ್ತು. ಸಮುದ್ರಮಟ್ಟದಲ್ಲಿ ಇದು 1.03. ಚಿಕ್ಕಮಗಳೂರು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಕಡಿಮೆ ಬರಲೇಬೇಕು.

ಮುಂದಿನ ಕೆಲಸ ಮುಳ್ಳಯ್ಯನಗಿರಿ. ಅಲ್ಲಿ 1,930 ಮೀಟರ್. ಇದೇ ಸ್ಟ್ಯಾಂಡ್, ಇದೇ ಬಟ್ಟು ಹೊತ್ತು ಹೋಗಿ ಗ್ರಾಫ್ ಹಾಕಿದರೆ 2.7ರ ಬದಲು 2.4ರ ಆಸುಪಾಸು ಬರಬೇಕು. ಮೇಲೆ ಗಾಳಿ ಜಾಸ್ತಿ ಬೀಸುತ್ತದೆ, ತಟ್ಟೆ ಅಲ್ಲಾಡದಂತೆ ಸುತ್ತ ಒಂದು ಡಬ್ಬ ಕಟ್ಟಬೇಕು. ಥರ್ಮಾಮೀಟರ್ ಕೂಡ ಜೊತೆಗೆ ಬರುತ್ತದೆ.